ಪ್ರತ್ಯಕ್ಷ ಕಂಡರೂ ಪ್ರಮಾಣಿಸಲಿಲ್ಲ

ಮುಂಬೈನ ಪಶ್ಚಿಮ ರೈಲ್ವೆ ಮಾರ್ಗದಲ್ಲಿ 2006ರ ಜುಲೈ 11ರ ಸಂಜೆ ಸುಮಾರು 11 ನಿಮಿಷಗಳೊಳಗೆ ಏಳು ಬಾಂಬ್‌ಗಳು ಸಿಡಿದು 180ಕ್ಕೂ ಹೆಚ್ಚು ಮಂದಿ ಸತ್ತರು. ಆ ದಿನ ಆರೋಪಿಗಳನ್ನು ಚರ್ಚ್‌ಗೇಟ್ ನಿಲ್ದಾಣಕ್ಕೆ ಬಿಟ್ಟೆವು ಎಂದ ಟ್ಯಾಕ್ಸಿ ಚಾಲಕರು ಪೊಲೀಸರ ಮುಂದೆ ಬಾಯಿಬಿಟ್ಟದ್ದು ನೂರಕ್ಕೂ ಹೆಚ್ಚು ದಿನಗಳಾದ ಮೇಲೆ. ನ್ಯಾಯಾಲಯದಲ್ಲಿ ಬೆರಳು ತೋರಿದ್ದು ನಾಲ್ಕು ವರ್ಷ ಕಳೆದ ಮೇಲೆ. ಬೆಳಗಿನಿಂದ ರಾತ್ರಿವರೆಗೆ ಜನರನ್ನು ಹತ್ತಿಸಿ ಇಳಿಸುವ ಚಾಲಕನಿಗೆ ಹಿಂದಿನ ಸೀಟಿನಲ್ಲಿ ಕುಳಿತ ಅಪರಿಚಿತನ ಮುಖ ಅಷ್ಟು ಕಾಲ ಅಚ್ಚಳಿಯದೆ ಉಳಿಯಲು ಕಾರಣವೇನು?

ಈ ಪ್ರಶ್ನೆ ವಿಶೇಷ ನ್ಯಾಯಾಲಯವನ್ನು ಕಾಡಬೇಕಿತ್ತು, ಕಾಡಲಿಲ್ಲ. ಅದು 2015ರಲ್ಲಿ ಐವರಿಗೆ ಗಲ್ಲು, ಏಳು ಮಂದಿಗೆ ಜೀವಾವಧಿ ವಿಧಿಸಿತು. ಪ್ರಶ್ನೆ ಕೇಳಿದ್ದು ಬಾಂಬೆ ಹೈಕೋರ್ಟ್. 2025ರ ಜುಲೈ 21ರಂದು ಅದು ಹನ್ನೆರಡೂ ಮಂದಿಯನ್ನು ಖುಲಾಸೆ ಮಾಡಿತು. ತಪ್ಪೊಪ್ಪಿಗೆ, ವಶಪಡಿಸಿಕೊಂಡ ವಸ್ತುಗಳ ಜೊತೆಗೆ ಪ್ರತ್ಯಕ್ಷದರ್ಶಿಗಳ ಮಾತೂ ಪರೀಕ್ಷೆಯಲ್ಲಿ ನಿಲ್ಲಲಿಲ್ಲ. ಗುರುತು ಪತ್ತೆ ಪರೇಡ್ ನಡೆಸಿದ ಅಧಿಕಾರಿಗೆ ಆ ಅಧಿಕಾರವೇ ಇರಲಿಲ್ಲ ಎಂಬುದೂ ಹೊರಬಿತ್ತು. ಗಲ್ಲು ಶಿಕ್ಷೆ ಹೊತ್ತ ಒಬ್ಬ ಅಷ್ಟರಲ್ಲಾಗಲೇ, 2021ರಲ್ಲಿ, ಸೆರೆಯಲ್ಲೇ ಸತ್ತಿದ್ದ.

ಮಹಾರಾಷ್ಟ್ರ ಸರ್ಕಾರ ಮೇಲ್ಮನವಿ ಸಲ್ಲಿಸಿತು. ಮೂರೇ ದಿನದಲ್ಲಿ ಸುಪ್ರೀಂ ಕೋರ್ಟ್, ಈ ತೀರ್ಪನ್ನು ಪೂರ್ವನಿದರ್ಶನವೆಂದು ಪರಿಗಣಿಸಬಾರದು ಎಂದಿತು. ಬಿಡುಗಡೆಯಾದವರು ಜೈಲಿಗೆ ಮರಳಬೇಕಿಲ್ಲ ಎಂದೂ ಹೇಳಿತು. ಆದರೆ ಹೈಕೋರ್ಟ್ ಎತ್ತಿ ತೋರಿಸಿದ ತನಿಖೆಯ ಲೋಪಗಳಿಗೆ ಉತ್ತರ ಕೊಡಬೇಕಾದವರು ಇವತ್ತೂ ಕೊಟ್ಟಿಲ್ಲ. ಅಂದು ಮಗನನ್ನೋ ಗಂಡನನ್ನೋ ಕಳೆದುಕೊಂಡವರಿಗೆ ಇದಕ್ಕಿಂತ ದೊಡ್ಡ ದ್ರೋಹ ಇನ್ನೇನಿದೆ?

ಸಾಕ್ಷಿ ಸುಳ್ಳು ಹೇಳುತ್ತಾನೆಂದಲ್ಲ. ಪ್ರಾಮಾಣಿಕನಾದ ಸಾಕ್ಷಿಯೇ ಇಲ್ಲಿ ಹೆಚ್ಚು ಅಪಾಯಕಾರಿ. ಅಮೆರಿಕದ ನಾರ್ತ್ ಕೆರೊಲಿನಾದಲ್ಲಿ 1984ರಲ್ಲಿ ಅತ್ಯಾಚಾರಕ್ಕೊಳಗಾದ ಕಾಲೇಜು ವಿದ್ಯಾರ್ಥಿನಿಯೊಬ್ಬಳು, ಬದುಕಿ ಉಳಿದರೆ ಇವನನ್ನು ಹಿಡಿಸಲೇಬೇಕೆಂದು ಆ ಹೊತ್ತಿನಲ್ಲೂ ಅವನ ಮುಖವನ್ನು ಗಮನವಿಟ್ಟು ನೋಡಿದ್ದಳು. ಪೊಲೀಸರು ಹರವಿದ ಫೋಟೊಗಳಲ್ಲಿ ರೊನಾಲ್ಡ್ ಕಾಟನ್ ಎಂಬಾತನನ್ನು ಆರಿಸಿದಳು. ಆಮೇಲೆ ಸಾಲಿನಲ್ಲಿ ನಿಲ್ಲಿಸಿದಾಗಲೂ ಅವನನ್ನೇ, ಕೋರ್ಟಿನಲ್ಲೂ ಅವನನ್ನೇ. ಮರುವಿಚಾರಣೆಯಲ್ಲಿ ನಿಜವಾದ ಅಪರಾಧಿಯನ್ನು ಎದುರಿಗೆ ತಂದು ನಿಲ್ಲಿಸಿದರೂ ಅವಳಿಗೆ ಗುರುತು ಹತ್ತಲಿಲ್ಲ. 1995ರಲ್ಲಿ ಡಿಎನ್‌ಎ ಪರೀಕ್ಷೆ ಕಾಟನ್‌ನನ್ನು ಬಿಡಿಸುವ ಹೊತ್ತಿಗೆ ಅವನು ಹತ್ತು ವರ್ಷಕ್ಕೂ ಮೀರಿ ಜೈಲಿನಲ್ಲಿ ಕಳೆದಿದ್ದ. ಮೊದಲ ಸಲ ಆರಿಸಿದ ಫೋಟೊವೇ ಅವಳ ನೆನಪಿನಲ್ಲಿ ಅಸಲಿ ಮುಖದ ಜಾಗ ಹಿಡಿದು ಕೂತಿತ್ತು.

ಇಷ್ಟೆಲ್ಲ ಗೊತ್ತಿದ್ದೂ ನಮ್ಮ ಕಾನೂನು ಏನು ಮಾಡಿದೆ? ಪರೇಡ್ ಎಂಬುದು ತನಿಖೆಗೆ ಆಸರೆ ಮಾತ್ರ, ಕೋರ್ಟಿನಲ್ಲಿ ಗುರುತಿಸುವುದೇ ಮೂಲ ಸಾಕ್ಷ್ಯ ಎಂಬುದು ನಮ್ಮ ನ್ಯಾಯಾಲಯಗಳು ಪಾಲಿಸಿಕೊಂಡು ಬಂದ ಸೂತ್ರ. ಕಟಕಟೆಯಲ್ಲಿ, ಪೊಲೀಸರ ನಡುವೆ ನಿಂತವನೇ ಆರೋಪಿ ಎಂಬುದು ಕೋರ್ಟಿಗೆ ಮೊದಲ ಸಲ ಬಂದವನಿಗೂ ತಿಳಿಯುತ್ತದೆ. ಅಲ್ಲಿ ಬೆರಳು ತೋರಿಸಲು ನೆನಪೇ ಬೇಕಿಲ್ಲ. ಜ್ಞಾಪಕಕ್ಕೆ ನಿಜವಾದ ಪರೀಕ್ಷೆ ಇದ್ದರೆ ಅದು ಪರೇಡಿನಲ್ಲಿ, ಅದೂ ಬಂಧನವಾದ ಕೆಲವೇ ದಿನಗಳಲ್ಲಿ.

ನಮ್ಮ ರಾಜ್ಯದಲ್ಲಿ ಹೆಚ್ಚಾಗಿ ತಾಲ್ಲೂಕು ದಂಡಾಧಿಕಾರಿಯಾಗಿ ತಹಶೀಲ್ದಾರರೇ ಇದನ್ನು ನಡೆಸುತ್ತಾರೆ. ಜೈಲಿನ ಅಂಗಳದಲ್ಲಿ ಆರೋಪಿಯ ಜೊತೆ ಅವನದೇ ವಯಸ್ಸು, ಮೈಕಟ್ಟಿನ ನಾಲ್ಕಾರು ಜನ ನಿಲ್ಲಬೇಕು. ಅವನ ಕೆನ್ನೆಯಲ್ಲಿ ಗಾಯದ ಗುರುತಿದ್ದರೆ ಎಲ್ಲರ ಕೆನ್ನೆಗೂ ಪಟ್ಟಿ ಅಂಟಿಸಬೇಕು. ಅಲ್ಲಿಯವರೆಗೆ ಆರೋಪಿಯ ಮುಖಕ್ಕೆ ಮುಸುಕಿರಬೇಕು. ಮುಸುಕು ಹಾಕುವ ಮೊದಲೇ ಫೋಟೊ ಟಿವಿಯಲ್ಲಿ ಬಂದಿದ್ದರೆ ಈ ಎಲ್ಲ ಏರ್ಪಾಡು ನಾಟಕ. ಬಂಧಿತರನ್ನು ಸಾಲಾಗಿ ನಿಲ್ಲಿಸಿ ಕ್ಯಾಮೆರಾಗಳ ಮುಂದೆ ಬೆನ್ನು ತಟ್ಟಿಸಿಕೊಳ್ಳುವ ಪೊಲೀಸ್ ಅಧಿಕಾರಿ ತನ್ನ ಪ್ರಕರಣವನ್ನು ತಾನೇ ಕೊಲ್ಲುತ್ತಿದ್ದಾನೆ. ಆ ಫೋಟೊ ಅಚ್ಚು ಹಾಕುವ ನಾವು ಪತ್ರಿಕೆಯವರೂ ಇದರಲ್ಲಿ ಪಾಲುದಾರರು.

2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆ ಮನೆ ಶೋಧಿಸುವುದನ್ನು ವಿಡಿಯೊ ಮಾಡಲೇಬೇಕು ಎನ್ನುತ್ತದೆ. ಪರೇಡಿಗೆ ಬಂದಾಗ, ಗುರುತಿಸುವ ವ್ಯಕ್ತಿ ಅಂಗವಿಕಲನಾಗಿದ್ದರೆ ಮಾತ್ರ ಚಿತ್ರೀಕರಣ ಕಡ್ಡಾಯ. ಬೀರುವಿನಿಂದ ತೆಗೆದ ಮೊಬೈಲಿಗೆ ಸಿಕ್ಕ ಕ್ಯಾಮೆರಾ, ಒಬ್ಬನನ್ನು ಗಲ್ಲಿಗೆ ಕಳಿಸಬಲ್ಲ ಬೆರಳಿಗೆ ಸಿಕ್ಕಿಲ್ಲ. ಇದನ್ನು ಒಪ್ಪಲಾಗದು.

ಪ್ರತಿ ಪರೇಡೂ ಆರಂಭದಿಂದ ಕೊನೆವರೆಗೆ ಚಿತ್ರೀಕರಣಗೊಳ್ಳಲಿ. ಸಾಲಿನಲ್ಲಿ ಆರೋಪಿ ಯಾರೆಂದು ತಿಳಿಯದವರೇ ಅದನ್ನು ನಡೆಸಲಿ. ಸಾಕ್ಷಿ ಎಷ್ಟು ಹೊತ್ತು ತಡವರಿಸಿದ, ಮೊದಲು ಯಾರನ್ನು ನೋಡಿದ, ಯಾವ ಮಾತಿನಲ್ಲಿ ಗುರುತಿಸಿದ ಎಂಬುದು ಅಲ್ಲೇ ದಾಖಲಾಗಲಿ. ಹಿಂದೆ ಕಂಡರಿಯದವನನ್ನು ಪರೇಡಿಲ್ಲದೆ ನೇರ ಕಟಕಟೆಯಲ್ಲಿ ಗುರುತಿಸಿದರೆ ಅದೊಂದನ್ನೇ ನಂಬಿ ಶಿಕ್ಷೆ ಕೊಡುವುದು ನಿಲ್ಲಲಿ. ಇವುಗಳಲ್ಲಿ ಮೊದಲ ಮೂರನ್ನು ತಮ್ಮ ನಡಾವಳಿ ನಿಯಮಗಳಿಗೆ ಸೇರಿಸಲು ಹೈಕೋರ್ಟ್‌ಗಳು ಸಂಸತ್ತಿನ ಮುಖ ನೋಡುತ್ತ ಕೂರಬೇಕಿಲ್ಲ.