ಸ್ವಿಚ್ಚು ಯಾವುದು, ರೌಟರು ಯಾವುದು?

ಮಾಟುಂಗದಲ್ಲಿ ಕಿಂಗ್ಸ್ ಸರ್ಕಲಿಗೆ ಸಮೀಪದ ಹಳೆಯ ಕಟ್ಟಡವೊಂದರ ಮೊದಲ ಮಾಳಿಗೆಯಲ್ಲಿ ನಮ್ಮ ಸ್ನೇಹಿತರಾದ ರಾಯರೊಬ್ಬರ ಲೆಕ್ಕಪತ್ರದ ಕಚೇರಿಯಿದೆ. ಎರಡು ಕೋಣೆ, ಆರು ಮೇಜು, ಆರು ಕಂಪ್ಯೂಟರು, ಒಂದು ಪ್ರಿಂಟರು. ನಮ್ಮವರ ಎಷ್ಟೋ ಹೋಟೆಲು, ಖಾನಾವಳಿಗಳ ತೆರಿಗೆಯ ಕಾಗದಪತ್ರಗಳು ಅಲ್ಲಿಯೇ ಸಿದ್ಧವಾಗುವುವು. ಜುಲೈ ತಿಂಗಳ ಒಂದು ಸಂಜೆ ನಾವು ಹೋದಾಗ ರಾಯರ ಮುಖ ಕೆಂಪೇರಿತ್ತು. ಒಳಕೋಣೆಯ ಹುಡುಗ, ಕುಂದಾಪುರದ ಕಡೆಯಿಂದ ಬಂದು ಎಂಟು ತಿಂಗಳಾದವನು, ಉಳಿದವರು ನಾಲ್ಕು ಫೈಲು ಮುಗಿಸುವಾಗ ಒಂದನ್ನು ಮುಗಿಸುವನೆಂದೂ, ತಿಂಗಳ ಕೊನೆಗೆ ಅವನನ್ನು ಊರಿಗೆ ಕಳುಹಿಸುವುದೇ ಸರಿಯೆಂದೂ ಅವರ ವಾದ.

“ಇಂಟರ್‌ನೆಟ್ ನಿಧಾನ, ಸಾರ್” ಎಂದು ಹುಡುಗ.

“ಹೋದ ತಿಂಗಳಷ್ಟೇ ದುಬಾರಿ ರೌಟರು ತಂದು ಹಾಕಿಸಿದೆ. ಇನ್ನೇನು ನಿಧಾನ?” ಎಂದು ರಾಯರು.

ಇಬ್ಬರೂ ಸುಳ್ಳಾಡುತ್ತಿರಲಿಲ್ಲ, ಆ ಪೆಟ್ಟಿಗೆಗಳ ಪರಿಚಯ ಇಬ್ಬರಿಗೂ ಇರಲಿಲ್ಲ, ಅಷ್ಟೆ. ನಮ್ಮ ವಾಚಕರಲ್ಲಿ ಸಣ್ಣ ಕಚೇರಿ, ಅಂಗಡಿ, ಟ್ಯೂಶನ್ ತರಗತಿ ನಡೆಸುವವರು ಅನೇಕರಿರುವುದರಿಂದ ಈ ಸಲ ಅದನ್ನೇ ಹೇಳೋಣವೆಂದುಕೊಂಡೆವು.

ಊರಿನಿಂದ ಬರುವ ಕಾಗದವನ್ನು ನೆನೆದುಕೊಳ್ಳಿ. ೧೯೭೨ರ ಆಗಸ್ಟ್ ೧೫ರಂದು ನಮ್ಮ ದೇಶದಲ್ಲಿ ಪಿನ್ ಕೋಡು ಬಂದಿತು. ೪೦೦೦೧೯ ಎಂದು ಬರೆದಿದ್ದರೆ ಕಾಗದ ಮಾಟುಂಗದ ಅಂಚೆಗೆ ಬರುವುದು. ಯಾವ ಊರಿಗೆ, ಯಾವ ದಾರಿಯಲ್ಲಿ ಎಂಬುದನ್ನಷ್ಟೇ ನೋಡಿ ಮುಂದಕ್ಕೆ ಸಾಗಿಸುವ ಆ ಕೆಲಸವೇ ರೌಟರಿನದು. ನಿಮ್ಮ ಕಚೇರಿಗೂ ಹೊರಗಿನ ಜಗತ್ತಿಗೂ ನಡುವೆ ಅದು ಕುಳಿತಿರುತ್ತದೆ. ಆದರೆ ಒಂದೇ ಕಟ್ಟಡದೊಳಗೆ ಈ ಬಾಗಿಲಿನಿಂದ ಆ ಬಾಗಿಲಿಗೆ ಊಟದ ಡಬ್ಬಿ ತಲುಪಿಸುವುದಕ್ಕೆ ಅಂಚೆ ಕಚೇರಿ ಬೇಕೆ? ಕೆಳಗಿನ ವಾಚ್‌ಮನ್ ಸಾಕು. ಯಾರು ಯಾವ ಬಾಗಿಲಲ್ಲಿರುವರೆಂದು ಅವನಿಗೆ ಗೊತ್ತು. ಸ್ವಿಚ್ಚು ಅಂಥ ವಾಚ್‌ಮನ್. ಪ್ರತಿಯೊಂದು ಯಂತ್ರಕ್ಕೂ ಕಾರಖಾನೆಯಲ್ಲಿಯೇ ಕೊಟ್ಟ ಗುರುತಿನ ಸಂಖ್ಯೆಯೊಂದಿರುತ್ತದೆ. ಯಂತ್ರವು ಮೊದಲ ಸಲ ಬಾಯಿ ಬಿಟ್ಟಾಗಲೇ, ಈ ಸಂಖ್ಯೆಯವನು ಈ ಪೋರ್ಟಿನಲ್ಲಿದ್ದಾನೆ ಎಂದು ಸ್ವಿಚ್ಚು ನೆನಪಿಟ್ಟುಕೊಳ್ಳುತ್ತದೆ. ಬಳಿಕ ಅವನಿಗೆ ಬಂದುದನ್ನು ಅವನಿಗೇ ಕೊಡುತ್ತದೆ. ಹಿಂದೆ ಹಬ್ ಎಂಬ ಪೆಟ್ಟಿಗೆಯಿತ್ತು. ಅದಕ್ಕೆ ಈ ಜ್ಞಾನವಿರಲಿಲ್ಲ. ಒಬ್ಬನಿಗೆ ಬಂದುದನ್ನು ಎಲ್ಲರ ಬಾಗಿಲಲ್ಲೂ ಕೂಗುತ್ತಿತ್ತು.

ಇಲ್ಲೊಂದು ಮಾತು ನಮ್ಮ ಸೋದರಿಯರಿಗೆ ರುಚಿಸಬಹುದು. ಈಥರ್‌ನೆಟ್ಟಿನ ಮೊದಲ ಸ್ವಿಚ್ಚನ್ನು ೧೯೯೦ರಲ್ಲಿ ಮಾರುಕಟ್ಟೆಗೆ ತಂದುದು ಅಮೆರಿಕೆಯ ‘ಕಲ್ಪನಾ’ ಎಂಬ ಕಂಪನಿ. ಭಾರತೀಯ ಮೂಲದ ವಿನೋದ್ ಭಾರದ್ವಾಜ್ ಅದರ ಸ್ಥಾಪಕರಲ್ಲೊಬ್ಬರು. ಕಂಪನಿಗೆ ಇಟ್ಟುದು ಅವರ ಹೆಂಡತಿಯ ಹೆಸರನ್ನು. ೧೯೯೪ರಲ್ಲಿ ಸಿಸ್ಕೊ ಕಂಪನಿ ಅದನ್ನು ಕೊಂಡುಕೊಂಡಿತು.

ಗೊಂದಲವೆಲ್ಲ ಹುಟ್ಟುವುದು ಇಂಟರ್‌ನೆಟ್ಟಿನವರು ಕೊಡುವ ಪೆಟ್ಟಿಗೆಯಿಂದ. ಅದರೊಳಗೆ ರೌಟರೂ ಉಂಟು, ಸಾಮಾನ್ಯವಾಗಿ ನಾಲ್ಕು ಪೋರ್ಟಿನ ಸಣ್ಣ ಸ್ವಿಚ್ಚೂ ಉಂಟು, ವೈಫೈಯೂ ಉಂಟು. ಎಲ್ಲಕ್ಕೂ ಸೇರಿಸಿ ರೌಟರೆಂದು ಒಂದೇ ಹೆಸರು. ಆದುದರಿಂದ ಏನೇ ನಿಧಾನವಾದರೂ ಜನ ರೌಟರನ್ನು ಬದಲಿಸಲು ಓಡುತ್ತಾರೆ.

ರಾಯರ ಕಚೇರಿಯ ಫೈಲುಗಳೆಲ್ಲ ಇರುವುದು ಹೊರಕೋಣೆಯ ಒಂದು ಕಂಪ್ಯೂಟರಿನಲ್ಲಿ. ಹುಡುಗನು ಫೈಲು ತೆರೆದರೆ ಅದು ಆ ಕೋಣೆಯಿಂದ ಈ ಕೋಣೆಗೆ ಬರಬೇಕು. ವರ್ಸೋವಾದ ಕಡಲ ಕೇಬಲಿನವರೆಗೆ ಹೋಗಿ ಬರುವ ಪ್ರಶ್ನೆಯೇ ಇಲ್ಲ. ಹೊಸ ರೌಟರು ಈ ದಾರಿಯಲ್ಲಿ ಇರಲೇ ಇಲ್ಲ! ದಾರಿಯಲ್ಲಿದ್ದುದು ಮೇಜಿನ ಕೆಳಗೆ ಧೂಳು ಹಿಡಿದು ಕುಳಿತಿದ್ದ ಎಂಟು ಪೋರ್ಟಿನ ಸ್ವಿಚ್ಚು. ಬೆನ್ನು ತಿರುಗಿಸಿ ನೋಡಿದರೆ ೧೦/೧೦೦ ಎಂದಿತ್ತು. ಅಂದರೆ ಸೆಕೆಂಡಿಗೆ ೧೦೦ ಮೆಗಾಬಿಟ್. ಎಂಟು ಬಿಟ್ಟಿಗೆ ಒಂದು ಬೈಟಾದುದರಿಂದ ಹೆಚ್ಚೆಂದರೆ ಹನ್ನೆರಡೂವರೆ ಮೆಗಾಬೈಟ್. ರಾಯರು ಎರಡು ವರುಷದಿಂದ ೨೦೦ ಮೆಗಾಬಿಟ್ಟಿನ ಸಂಪರ್ಕಕ್ಕೆ ಹಣ ಕಟ್ಟುತ್ತಿದ್ದರು. ಆ ಸ್ವಿಚ್ಚಿನ ಹಿಂದೆ ಕುಳಿತವರು ಅದರಲ್ಲಿ ಅರ್ಧಕ್ಕಿಂತ ಹೆಚ್ಚನ್ನು ಕಂಡಿರಲಾರರು.

ಆದರೆ ಆರು ಮಂದಿಗೂ ಅದೇ ಸ್ವಿಚ್ಚು. ಹುಡುಗನೊಬ್ಬನೇ ಹಿಂದೆ ಬೀಳಲು ಕಾರಣವೇನು? ಪಕ್ಕದ ಮೇಜಿನ ಹುಡುಗಿಯ ಕಂಪ್ಯೂಟರಿಗೆ ಒಂದು ಗಿಗಾಬೈಟಿನ ಫೈಲನ್ನು ತರಿಸಿ ಗಡಿಯಾರ ನೋಡಿದೆವು: ಒಂದೂವರೆ ನಿಮಿಷ. ಅದೇ ಕಂಪ್ಯೂಟರನ್ನು ಎತ್ತಿ ತಂದು ಹುಡುಗನ ಕೇಬಲಿಗೆ ಸಿಕ್ಕಿಸಿದೆವು. ಇಪ್ಪತ್ತು ನಿಮಿಷವಾದರೂ ಮುಗಿಯಲಿಲ್ಲ. ಕೇಬಲನ್ನು ಹಿಡಿದುಕೊಂಡು ಹೋದರೆ ಗೋಡೆಯ ಬುಡದಲ್ಲಿ ಕಬ್ಬಿಣದ ಕಪಾಟಿನ ಕಾಲು ಅದರ ಮೇಲೆ ನಿಂತಿದೆ. ಇಂಥ ಕೇಬಲಿನೊಳಗೆ ಎಂಟು ಎಳೆಗಳು, ಎರಡೆರಡಾಗಿ ಹೊಸೆದು ನಾಲ್ಕು ಜೋಡಿ. ಜಜ್ಜಿಹೋದರೆ ಪೂರ್ಣ ತುಂಡಾಗಬೇಕೆಂದಿಲ್ಲ. ಹೋದ ಮಾಹಿತಿ ಕೆಟ್ಟು ತಲುಪುವುದು, ಕೆಟ್ಟುದನ್ನು ಮತ್ತೆ ಮತ್ತೆ ಕಳುಹಿಸಬೇಕಾಗುವುದು. ದೀಪವೇನೋ ಹಸುರಾಗಿ ಮಿನುಗುತ್ತಲೇ ಇರುವುದು. ದಸರೆಗೆ ಮುಂಚೆ ಗೋಡೆಗೆ ಬಣ್ಣ ಬಳಿಸಿದಾಗ ಕಪಾಟನ್ನು ಅತ್ತ ಸರಿಸಿದ್ದರಂತೆ. ಹುಡುಗ ಕೆಲಸಕ್ಕೆ ಸೇರಿದುದು ದೀಪಾವಳಿಯಾದ ಮೇಲೆ. ಪಾಪ, ಸರಿಯಾದ ಕೇಬಲಿನಲ್ಲಿ ಅವನು ಒಂದು ದಿನವೂ ಕೆಲಸ ಮಾಡಿರಲಿಲ್ಲ.

ರಾಯರು ಸ್ವಲ್ಪ ಹೊತ್ತು ಮಾತಾಡಲಿಲ್ಲ. ಆಮೇಲೆ ಹುಡುಗನ ಕಡೆಗೆ ತಿರುಗಿ, “ಬಾ ಮಾರಾಯ, ಕಾಫಿ ಕುಡಿದು ಬರೋಣ” ಎಂದರು. ನಮ್ಮನ್ನು ಕರೆಯಲು ಮರೆತರು, ನಾವು ಬೇಸರಪಡಲಿಲ್ಲ.

ಮರುದಿನ ಲ್ಯಾಮಿಂಗ್ಟನ್ ರಸ್ತೆಯಿಂದ ಎಂಟು ಪೋರ್ಟಿನ ಗಿಗಾಬಿಟ್ ಸ್ವಿಚ್ಚನ್ನೂ ಹೊಸ ಕೇಬಲನ್ನೂ ತಂದರು. ಇಂಥ ಸ್ವಿಚ್ಚಿಗೆ ಎರಡು ಸಾವಿರ ರೂಪಾಯಿಯ ಆಸುಪಾಸು ಸಾಕು. ಆರು ಮೇಜಿನ ಕಚೇರಿಗೆ ದೊಡ್ಡ ಕಂಪನಿಗಳ ವೈಭವದ ಸ್ವಿಚ್ಚು ಬೇಡವೆಂಬುದು ನಮ್ಮ ಅಭಿಪ್ರಾಯ. ಕೇಬಲು ಕ್ಯಾಟ್ ೫ಇ ಅಥವಾ ಕ್ಯಾಟ್ ೬ ಆಗಿರಲಿ, ಒಂದು ಎಳೆತ ೧೦೦ ಮೀಟರನ್ನು ಮೀರದಿರಲಿ. ಒಂದೇ ಕೇಬಲಿನ ಎರಡು ತುದಿಗಳನ್ನೂ ಅದೇ ಸ್ವಿಚ್ಚಿಗೆ ಸಿಕ್ಕಿಸಬೇಡಿ. ಮಾಹಿತಿ ಅದರೊಳಗೇ ಸುತ್ತಿ ಸುತ್ತಿ ಇಡೀ ಕಚೇರಿ ಸ್ತಬ್ಧವಾದೀತು. ರೌಟರಿನ ಜೊತೆಗೆ ಬಂದ ಪಾಸ್‌ವರ್ಡನ್ನು ಮೊದಲ ದಿನವೇ ಬದಲಿಸಿ.

ಇನ್ನೊಂದು ದೋಷವೂ ಅಲ್ಲಿ ಹೊರಬಿದ್ದಿತು. ಹೊಸ ರೌಟರು ಬಂದರೂ ಹಳೆಯದನ್ನು, ಖಾಲಿ ಪೋರ್ಟುಗಳಿವೆಯಲ್ಲಾ ಎಂದು, ಹಾಗೆಯೇ ಬಿಟ್ಟಿದ್ದರು. ೧೯೨.೧೬೮ರಿಂದ ಆರಂಭವಾಗುವ ವಿಳಾಸಗಳನ್ನು ಎರಡೂ ತಮಗೆ ತೋಚಿದಂತೆ ಹಂಚುತ್ತಿದ್ದುವು. ಬೆಳಗ್ಗೆ ಕಂಡ ಪ್ರಿಂಟರು ಮಧ್ಯಾಹ್ನ ಮಾಯವಾಗುತ್ತಿದ್ದುದು ಇದರಿಂದಲೇ. ಹಳೆಯದನ್ನು ಕಿತ್ತ ಮೇಲೆ ಪ್ರಿಂಟರು ಒಂದೆಡೆ ನಿಂತಿತು.

ಈಗ ಆ ಒಂದು ಗಿಗಾಬೈಟು ಹನ್ನೆರಡು ಸೆಕೆಂಡಿನಲ್ಲಿ ಬರುತ್ತದೆ. ಹುಡುಗ ಅದೇ ಮೇಜಿನಲ್ಲಿದ್ದಾನೆ. ಕಪಾಟು ಎದುರು ಗೋಡೆಗೆ ಹೋಗಿದೆ. ಹಳೆಯ ಸ್ವಿಚ್ಚನ್ನು ಎಸೆಯಲು ರಾಯರಿಗೆ ಮನಸ್ಸು ಬಾರದೆ ಅದರ ಮೇಲಿಟ್ಟಿದ್ದಾರೆ.