ಕಾಣೆಯಾದ ಪಟ್ಟಿಯ ಸಾಕ್ಷ್ಯ

ಇಲ್ಲದಿರುವ ವಸ್ತುವೂ ಸಾಕ್ಷಿ ನುಡಿಯಬಲ್ಲದು. ವಕೀಲಿ ವೃತ್ತಿಯಲ್ಲಿರುವವರಿಗೆ ಇದು ಹೊಸ ಮಾತಲ್ಲ. ಇರಬೇಕಾದ ರಸೀದಿ ಕಡತದಲ್ಲಿಲ್ಲವೆಂಬ ಒಂದೇ ಕಾರಣಕ್ಕೆ ದಾವೆಯ ಗತಿ ಬದಲಾಗುವುದುಂಟು. ವೈದ್ಯವಿಜ್ಞಾನದಲ್ಲಿ ಅಂಥದೊಂದು ಪ್ರಸಂಗ 1963ರಲ್ಲಿ ಸ್ವೀಡನ್ ದೇಶದ ಮಾಲ್ಮೋ ನಗರದಿಂದ ವರದಿಯಾಯಿತು.

ಕಾರ್ಲ್-ಬರ್ಟಿಲ್ ಲಾರೆಲ್ ಎಂಬವರು ಅಲ್ಲಿಯ ಆಸ್ಪತ್ರೆಯ ರಸಾಯನ ಪ್ರಯೋಗಾಲಯದಲ್ಲಿ ರಕ್ತದ ಪ್ರೋಟೀನುಗಳನ್ನು ವಿದ್ಯುತ್ತಿನ ನೆರವಿನಿಂದ ಬಿಡಿಸಿ, ಕಾಗದದ ಮೇಲೆ ಪಟ್ಟಿಪಟ್ಟಿಯಾಗಿ ಮೂಡಿಸುತ್ತಿದ್ದರು. ಸುಮಾರು 1,500 ಮಾದರಿಗಳ ನಡುವೆ ಐದರಲ್ಲಿ ಒಂದು ಪಟ್ಟಿ ಕಾಣಿಸಲಿಲ್ಲ. ಯಂತ್ರದ ದೋಷವೆಂದು ಬದಿಗಿರಿಸಬಹುದಾಗಿತ್ತು. ಆದರೆ ಅವರೂ ಅವರ ಕಿರಿಯ ಸಹೋದ್ಯೋಗಿ ಸ್ಟೆನ್ ಎರಿಕ್ಸನ್ನರೂ ಆ ಐದು ಮಂದಿಯ ಚರಿತ್ರೆಯನ್ನು ಕೆದಕಿದರು. ಮೂವರಿಗೆ ಶ್ವಾಸಕೋಶದ ತೀವ್ರ ರೋಗವಿತ್ತು. ಅದರ ಹೆಸರು ಎಂಫಿಸೀಮಾ.

ನಮ್ಮ ಊರುಗಳಲ್ಲಿ ಹಿರಿಯರು ದಮ್ಮು, ಏದುಸಿರು ಎಂದು ಒಟ್ಟಾಗಿ ಹೇಳುವ ಕಾಯಿಲೆಗಳಲ್ಲಿ ಇದೂ ಸೇರಿದೆ. ಶ್ವಾಸಕೋಶದ ತುದಿಯಲ್ಲಿ ಕೋಟ್ಯಂತರ ಸಣ್ಣ ಗಾಳಿಗೂಡುಗಳಿವೆ. ಅವುಗಳ ಗೋಡೆ ರಬ್ಬರಿನಂತೆ ಹಿಗ್ಗಿ ಕುಗ್ಗುವುದರಿಂದಲೇ ಉಸಿರು ತಾನಾಗಿ ಹೊರಬೀಳುತ್ತದೆ. ಗೋಡೆ ಹರಿದು ಹಲವು ಗೂಡುಗಳು ಕೂಡಿ ಒಂದು ದೊಡ್ಡ ಪೊಳ್ಳಾದರೆ ಆ ಬಿಗುವು ಹೋಗುತ್ತದೆ. ರೋಗಿಗೆ ಉಸಿರನ್ನು ಎಳೆದುಕೊಳ್ಳುವುದಕ್ಕಿಂತ ಹೊರಬಿಡುವುದು ಕಷ್ಟವಾಗುತ್ತದೆ. ಸ್ಟೆತಸ್ಕೋಪನ್ನು ಕಂಡುಹಿಡಿದ ಫ್ರಾನ್ಸಿನ ವೈದ್ಯ ಲೆನೆಕ್ 1819ರಲ್ಲಿಯೇ ಈ ರೋಗವನ್ನು ವಿವರಿಸಿದ್ದರು. ಗೋಡೆಯನ್ನು ಹರಿಯುವ ಶಕ್ತಿ ಯಾವುದೆಂಬುದು ಮಾತ್ರ ಬಹುಕಾಲ ತಿಳಿದಿರಲಿಲ್ಲ.

ಮಾಲ್ಮೋದ ಕಾಣೆಯಾದ ಪಟ್ಟಿ ಅದಕ್ಕೆ ದಾರಿ ತೋರಿತು. ರೋಗಾಣುಗಳೊಡನೆ ಹೋರಾಡಲು ಬರುವ ಬಿಳಿ ರಕ್ತಕಣಗಳು ಎಲಾಸ್ಟೇಸ್ ಎಂಬ ಕಿಣ್ವವನ್ನು ಸುರಿಸುತ್ತವೆ. ಅದಕ್ಕೆ ಶತ್ರು ಮಿತ್ರರೆಂಬ ಭೇದವಿಲ್ಲ. ಶ್ವಾಸಕೋಶದ ಗೋಡೆಯನ್ನೂ ಕರಗಿಸಬಲ್ಲದು. ಯಕೃತ್ತಿನಲ್ಲಿ ತಯಾರಾಗುವ ಆಲ್ಫಾ-1 ಆಂಟಿಟ್ರಿಪ್ಸಿನ್ ಎಂಬ ಪ್ರೋಟೀನು ಅದನ್ನು ತಡೆಯುವ ಕಾವಲುಗಾರ. ಕಾಣೆಯಾಗಿದ್ದುದು ಇದೇ. ವಂಶಪಾರಂಪರ್ಯವಾಗಿ ಬರುವ ಈ ಕೊರತೆ ಉತ್ತರ ಯುರೋಪಿನ ಮೂಲದವರಲ್ಲಿ ಹೆಚ್ಚು, ನಮ್ಮವರಲ್ಲಿ ವಿರಳ. ಹಾಗಾದರೆ ನಮಗೇಕೆ ಈ ಕಥೆ? ತಂಬಾಕಿನ ಹೊಗೆಯು ಬಿಳಿ ರಕ್ತಕಣಗಳನ್ನು ಶ್ವಾಸಕೋಶಕ್ಕೆ ಹಿಂಡುಹಿಂಡಾಗಿ ಕರೆತರುತ್ತದೆ, ಜೊತೆಗೆ ಆ ಕಾವಲುಗಾರನನ್ನೂ ನಿಷ್ಕ್ರಿಯಗೊಳಿಸುತ್ತದೆ. ಮಾಲ್ಮೋದ ರೋಗಿಗಳಿಗೆ ಹುಟ್ಟಿನಿಂದ ಬಂದ ನ್ಯೂನತೆಯನ್ನು ಬೀಡಿ ಸೇದುವವನು ತಾನಾಗಿಯೇ ದಿನದಿನವೂ ಸ್ವಲ್ಪಸ್ವಲ್ಪವಾಗಿ ಉಂಟುಮಾಡಿಕೊಳ್ಳುತ್ತಾನೆ.

ಎರಡನೆಯ ಸಾಕ್ಷ್ಯ ಲಂಡನ್ನಿನದು. ಚಾರ್ಲ್ಸ್ ಫ್ಲೆಚರ್ ಮತ್ತು ರಿಚರ್ಡ್ ಪೀಟೋ ಎಂಬವರು ಅಲ್ಲಿಯ ದುಡಿಯುವ ಗಂಡಸರ ಉಸಿರಿನ ಬಲವನ್ನು ಎಂಟು ವರ್ಷ ಅಳೆದು ಕಂಡುಕೊಂಡುದನ್ನು 1977ರಲ್ಲಿ ಪ್ರಕಟಿಸಿದರು. (1941ರಲ್ಲಿ ಆಕ್ಸ್‌ಫರ್ಡಿನ ಆಸ್ಪತ್ರೆಯಲ್ಲಿ ರೋಗಿಗೆ ಪೆನಿಸಿಲಿನ್ ಚುಚ್ಚಿದ ಯುವ ವೈದ್ಯ ಈ ಫ್ಲೆಚರರೇ.) ವಯಸ್ಸಾದಂತೆ ಎಲ್ಲರ ಉಸಿರಿನ ಬಲವೂ ಕುಂದುತ್ತದೆ, ಧೂಮಪಾನಿಗಳಲ್ಲಿ ಒಂದು ವರ್ಗದವರದು ವೇಗವಾಗಿ ಕುಸಿಯುತ್ತದೆ. ಸೇದುವುದನ್ನು ಬಿಟ್ಟರೆ ಕಳೆದುಹೋದ ಬಲ ಮರಳದು, ಆದರೆ ಕುಸಿತದ ವೇಗ ಸಾಮಾನ್ಯರ ಮಟ್ಟಕ್ಕಿಳಿಯುತ್ತದೆ. ಅರುವತ್ತು ದಾಟಿದ ಅಜ್ಜನಿಗೆ “ಇನ್ನು ಬಿಟ್ಟು ಏನು ಪ್ರಯೋಜನ” ಎನ್ನುವ ಮೊಮ್ಮಕ್ಕಳು ಈ ಮಾತನ್ನು ಅವರಿಗೆ ಓದಿ ಹೇಳಬೇಕು.

ಬೀಡಿ ಮುಟ್ಟದವರಿಗೂ ಈ ರೋಗ ಬರುತ್ತದೆ. ಕಟ್ಟಿಗೆಯ ಹೊಗೆಯಲ್ಲಿ ಆಯುಷ್ಯ ಕಳೆದ ಹೆಂಗಸರೇ ಇದಕ್ಕೆ ನಿದರ್ಶನ. ಅಡುಗೆಮನೆಗೆ ಗ್ಯಾಸ್ ಬಂದಿದ್ದರೂ ಬಚ್ಚಲಿನ ಹಂಡೆಯಡಿಯಲ್ಲಿ ತೆಂಗಿನ ಮಡಲು, ಅಡಿಕೆ ಸಿಪ್ಪೆ ಉರಿಯುವ ಮನೆಗಳು ನಮ್ಮ ಕಾಸರಗೋಡಿನಲ್ಲಿ ಇನ್ನೂ ಇವೆ. ಆ ಒಲೆಗೆ ಹೊಗೆಗೂಡಾದರೂ ಬೇಕು. ಸೊಳ್ಳೆಬತ್ತಿಯನ್ನಂತೂ ಯಾರೂ ಹೊಗೆಯೆಂದೇ ಎಣಿಸುವುದಿಲ್ಲ. ಒಂದು ಸುರುಳಿ ಉರಿದು ಮುಗಿಯುವಾಗ 75ರಿಂದ 137 ಸಿಗರೇಟುಗಳು ಬಿಡುವಷ್ಟು ಸೂಕ್ಷ್ಮ ಕಣಗಳು ಹೊರಬರುತ್ತವೆಂದು 2003ರಲ್ಲಿ ಪ್ರಕಟವಾದ ಒಂದು ಅಧ್ಯಯನ ಲೆಕ್ಕಹಾಕಿದೆ. ಮುಚ್ಚಿದ ಕೋಣೆಯಲ್ಲಿ ಅದರ ಪಕ್ಕ ಕುಳಿತು ಓದುವ ಮಗುವಿನ ಶ್ವಾಸಕೋಶ ಬೆಳೆಯುತ್ತಿರುತ್ತದೆ. ಅದು ಪೂರ್ಣ ಬಲಕ್ಕೆ ಬರುವುದು ಇಪ್ಪತ್ತರ ಆಸುಪಾಸಿನಲ್ಲಿ. ಬೆಳೆಯುವ ಕಾಲದಲ್ಲಿ ಕಡಿಮೆಯಾದುದು ಮುಂದಿನ ಆಯುಷ್ಯಕ್ಕೆಲ್ಲ ಮೂಲಧನವೇ ಕಡಿಮೆಯಾದಂತೆ.

ಮನೆಯೊಳಗೆ ಕಾನೂನಿನ ಕೈ ಹೆಚ್ಚು ನೀಳವಲ್ಲ, ಹೊರಗೆ ಅದಕ್ಕೆ ಬಲವಿದೆ. ಸಾರ್ವಜನಿಕ ಸ್ಥಳದಲ್ಲಿ ಧೂಮಪಾನವು ಸಂವಿಧಾನದ 21ನೆಯ ವಿಧಿಯ ಜೀವಿಸುವ ಹಕ್ಕಿಗೆ ವಿರುದ್ಧವೆಂದು 1999ರ ಜುಲೈಯಲ್ಲಿ ತೀರ್ಪಿತ್ತುದು ನಮ್ಮದೇ ಕೇರಳ ಹೈಕೋರ್ಟು. 2001ರಲ್ಲಿ ಮುರಳಿ ದೇವ್ರಾ ಅವರ ಅರ್ಜಿಯ ಮೇಲೆ ಸುಪ್ರೀಂ ಕೋರ್ಟು ದೇಶಕ್ಕೆಲ್ಲ ಅನ್ವಯವಾಗುವ ಆದೇಶವನ್ನಿತ್ತಿತು. 2003ರ ತಂಬಾಕು ನಿಯಂತ್ರಣ ಕಾಯಿದೆಯ 6ನೆಯ ಕಲಮು ಹದಿನೆಂಟು ತುಂಬದವರಿಗೆ ತಂಬಾಕು ಮಾರುವುದನ್ನೂ, ವಿದ್ಯಾಸಂಸ್ಥೆಯಿಂದ 100 ಗಜದೊಳಗೆ ಯಾರಿಗೇ ಆದರೂ ಮಾರುವುದನ್ನೂ ನಿಷೇಧಿಸಿದೆ. ದಂಡ 200 ರೂಪಾಯಿಯವರೆಗೆ ಮಾತ್ರ. ಅದು ತೀರಾ ಕಡಿಮೆಯೆಂಬುದೇ ನನ್ನ ಅಭಿಪ್ರಾಯ.

ಅಂಗಡಿಯವರೊಡನೆ ಮಾತಿಗೆ ಹೋಗುವ ಮೊದಲು ರಕ್ಷಕ-ಶಿಕ್ಷಕ ಸಂಘದವರು ತಿಳಿದಿರಬೇಕಾದ ವಿಷಯವೊಂದಿದೆ. ಆ 100 ಗಜವನ್ನು, ಅಂದರೆ ಸುಮಾರು 91 ಮೀಟರನ್ನು, ಶಾಲೆಯ ಗೇಟಿನಿಂದ ರಸ್ತೆಯ ತಿರುವುಗಳನ್ನು ಹಿಡಿದು ಅಳೆಯುವುದಲ್ಲ. ಆವರಣದ ಗೋಡೆಯ ಅಥವಾ ಬೇಲಿಯ ಹೊರ ಅಂಚಿನಿಂದ ನೇರವಾಗಿ, ಸುತ್ತಲೂ ಅಳೆಯಬೇಕೆಂದು 2004ರ ನಿಯಮಗಳಲ್ಲಿಯೇ ಇದೆ. ಆಟದ ಬಯಲಿನ ಹಿಂಬದಿಯ ಅಂಗಡಿಯೂ ಈ ಲೆಕ್ಕಕ್ಕೆ ಬರುತ್ತದೆ. ನಿಷೇಧವನ್ನು ಸಾರುವ ಫಲಕವನ್ನು ಶಾಲೆಯ ಹೊರಗೆ ಹಾಕಿಸುವ ಹೊಣೆ ಸಂಸ್ಥೆಯ ಮುಖ್ಯಸ್ಥರದು. ಕನ್ನಡ ಮಾಧ್ಯಮದ ಶಾಲೆಯಾದರೆ ಅದರಲ್ಲಿ ಕನ್ನಡವೂ ಇರಲಿ. ಆ ಗೇಟಿನಲ್ಲಿ ನಿಂತು ಓದುವವರು ನಮ್ಮ ಮಕ್ಕಳು.