ಲೋಗೋ ಹೊತ್ತ ಉಡುಗೊರೆ

ನವೋದ್ಯಮಗಳಿಗೆ ಬುದ್ಧಿ ಹೇಳುವವರು ಈಚೆಗೆ ಒಂದು ಮಾತನ್ನು ಮಂತ್ರದಂತೆ ಜಪಿಸುತ್ತಾರೆ: ಅಗ್ಗದ ಪೆನ್ನು, ಕೀಚೈನು ಹಂಚಬೇಡಿ, ಒಳ್ಳೆಯ ವಸ್ತುವಿನ ಮೇಲೆ ಲೋಗೋ ಹಾಕಿ ಕೊಡಿ, ಗ್ರಾಹಕ ಮರೆಯುವುದಿಲ್ಲ. ನನ್ನ ತಕರಾರು ಗುಣಮಟ್ಟದ ಬಗ್ಗೆ ಅಲ್ಲ, ಅದನ್ನು ಉಡುಗೊರೆ ಎಂದು ಕರೆಯುವುದರ ಬಗ್ಗೆ.

ನಮ್ಮ ಚಿಟಗುಪ್ಪದ ಕಡೆ ಮದುವೆಗೆ ಕೊಡುವ ಸ್ಟೀಲ್ ಕೊಡದ ಮೇಲೂ ಹೆಸರು ಕೆತ್ತಿಸುತ್ತಾರಲ್ಲ, ಅದೇನು ಜಾಹೀರಾತಲ್ಲವೇ ಎಂದು ಕೇಳಬಹುದು. ಅಲ್ಲ. ಆ ಹೆಸರು ಋಣದ ಗುರುತು. ನಾಳೆ ಅವರ ಮನೆಯ ಮದುವೆಗೆ ನಾವೂ ಆಯೇರಿ ಮಾಡಬೇಕು. ಆ ಲೆಕ್ಕ ಎರಡೂ ಮನೆಗೆ ಗೊತ್ತು. ಫ್ರಾನ್ಸಿನ ಮಾರ್ಸೆಲ್ ಮೋಸ್ 1925ರ ತನ್ನ ಪ್ರಬಂಧದಲ್ಲಿ ವಿವರಿಸಿದ್ದೂ ಇದನ್ನೇ: ಕೊಡುವುದು, ಪಡೆಯುವುದು, ಮರಳಿಸುವುದು ಮೂರೂ ಕರ್ತವ್ಯ. ಕಂಪನಿಯ ಟೀ ಶರ್ಟಿಗೆ ನಾವು ಮರಳಿಸುವುದು ನಮ್ಮ ಮೈಯನ್ನೇ. ಅದನ್ನು ತೊಟ್ಟು, ಕೂಲಿಯಿಲ್ಲದೆ ಊರೆಲ್ಲ ತಿರುಗುವ ಫಲಕವಾಗುತ್ತೇವೆ. ತೆರಿಗೆ ಇಲಾಖೆ ಕೂಡ ಮೋಸಹೋಗಲಿಲ್ಲ. ವ್ಯವಹಾರದ ನಂಟಿನಲ್ಲಿ ಒಬ್ಬರಿಗೆ ಕೊಟ್ಟ ಸೌಲಭ್ಯ ವರ್ಷಕ್ಕೆ 20,000 ರೂಪಾಯಿ ದಾಟಿದರೆ ಶೇ. 10ರಷ್ಟು ತೆರಿಗೆ ಮುರಿಯಬೇಕೆಂಬ ನಿಯಮ 2022ರ ಜುಲೈ 1ರಿಂದ ಜಾರಿಗೆ ಬಂತು.

ನನ್ನನ್ನು ಹೆಚ್ಚು ಕಾಡುವುದು ನಮ್ಮ ಜಿಲ್ಲೆಯ ಬಿದರಿ. 'ಪ್ರೀಮಿಯಂ' ಉಡುಗೊರೆ ಬೇಕೆಂದವರ ಕಣ್ಣು ಅದರ ಮೇಲೂ ಬೀಳುತ್ತದೆ. ಸತುವಿಗೆ ತುಸು ತಾಮ್ರ ಬೆರೆಸಿ ಎರಕ ಹೊಯ್ದು, ಉಳಿಯಿಂದ ಗೆರೆ ಕೊರೆದು, ಬೆಳ್ಳಿಯ ತಂತಿ ಕೂರಿಸಿ, ಬೀದರ್ ಕೋಟೆಯ ಮಣ್ಣು ಮತ್ತು ನವಸಾಗರ ಬೆರೆಸಿದ ನೀರಿನಲ್ಲಿ ಅದ್ದಿದರೆ ಆ ಕಪ್ಪು ಬರುತ್ತದೆ. ಜಿಐ ಮಾನ್ಯತೆ ಊರಿನ ಹೆಸರನ್ನು ಕಾಯುತ್ತದೆ, ಕೆತ್ತಿದವರ ಹೆಸರನ್ನಲ್ಲ. 2023ರಲ್ಲಿ ಶಾ ರಶೀದ್ ಅಹ್ಮದ್ ಖಾದ್ರಿಯವರಿಗೆ ಪದ್ಮಶ್ರೀ ಬಂದಾಗ ಒಂದು ಹೆಸರು ದೇಶಕ್ಕೆ ಮುಟ್ಟಿತು. ಉಳಿದ ಕೈಗಳ ಗತಿಯೇನು? ಹೂದಾನಿಯ ಮೇಲೆ ಕಂಪನಿಯ ಲೋಗೋ ಕೂತರೆ, ಅದರಲ್ಲಿ ಒಂದು ಗೆರೆಯನ್ನೂ ಕೊರೆಯದವನ ಸಹಿಯಷ್ಟೇ ಅದರ ಮೇಲೆ ಉಳಿಯುತ್ತದೆ.

ಕುಶಲಕರ್ಮಿಗಳಿಗೆ ಕೆಲಸ ಸಿಗುತ್ತದಲ್ಲ ಎನ್ನುವವರಿದ್ದಾರೆ. ಸಿಗಲಿ, ಬೇಕು ಕೂಡ. ಆದರೆ ಕೆಲಸ ಕೊಟ್ಟ ಮಾತ್ರಕ್ಕೆ ಹೆಸರು ಅಳಿಸುವ ಹಕ್ಕು ಬರುವುದಿಲ್ಲ.

ಪಕ್ಕದ ಬಸವಕಲ್ಯಾಣದಲ್ಲಿ 12ನೇ ಶತಮಾನದ ಶರಣರು ಕೊಡುವ ಕೈಯಲ್ಲಿ 'ನಾನು' ಇರಬಾರದೆಂದು ದಾನವನ್ನು ಬಿಟ್ಟು ದಾಸೋಹವನ್ನು ಹಿಡಿದರು. ನವೋದ್ಯಮಿಗಳು ಶರಣರಾಗಲಿ ಎಂದು ನಾನು ಕೇಳುತ್ತಿಲ್ಲ. ಕಿರಾಣಿ ಅಂಗಡಿಯವರು ವರ್ಷಕ್ಕೊಮ್ಮೆ ಕ್ಯಾಲೆಂಡರ್ ಕೊಡುವಾಗ ಪ್ರೀತಿಯ ನಾಟಕ ಆಡುವುದಿಲ್ಲ. ಅಷ್ಟು ಪ್ರಾಮಾಣಿಕತೆ ಸಾಕು. ಜಾಹೀರಾತನ್ನು ಜಾಹೀರಾತೆನ್ನಿ. ಬಿದರಿಯನ್ನೇ ಕೊಡುವುದಾದರೆ ಚೌಕಾಸಿ ಮಾಡದೆ ಕೊಳ್ಳಿ, ಮಾಡಿದವರ ಹೆಸರಿನ ಚೀಟಿ ಒಳಗಿಡಿ. ನಿಮ್ಮ ಲೋಗೋಗೆ ರಟ್ಟಿನ ಡಬ್ಬಿ ಇದೆಯಲ್ಲ!